ವಕೀಲರಿಗೆ ಕೊಡಲು ದುಡ್ಡಿಲ್ಲದಾಗ: ಕ್ರಿಮಿನಲ್ ಕೇಸಿನಲ್ಲಿ ಸರ್ಕಾರಿ ಖರ್ಚಿನ ವಕೀಲರನ್ನು ಪಡೆಯುವುದು ಹೇಗೆ

ಪೊಲೀಸರು ಮನೆಯವರನ್ನು ಹಿಡಿದುಕೊಂಡು ಹೋದ ಮರುದಿನ ಅನೇಕರು ಹೋಗಿ ನಿಲ್ಲುವುದು ನಾಡಕಚೇರಿಯ ಸಾಲಿನಲ್ಲಿ. ಉಚಿತ ವಕೀಲರು ಸಿಗಬೇಕಾದರೆ ಆದಾಯ ಪ್ರಮಾಣಪತ್ರ ತರಬೇಕು ಎಂದು ಯಾರೋ ಹೇಳಿರುತ್ತಾರೆ. ಪತ್ರ ಕೈಗೆ ಬರುವಷ್ಟರಲ್ಲಿ ವಾರ ಕಳೆದಿರುತ್ತದೆ, ಪೊಲೀಸ್ ಕಸ್ಟಡಿ ಮುಗಿದಿರುತ್ತದೆ, ಆ ವಾರದಲ್ಲಿ ಆರೋಪಿಯ ಪರವಾಗಿ ಕೋರ್ಟಿನಲ್ಲಿ ಒಂದು ಮಾತೂ ಬಂದಿರುವುದಿಲ್ಲ. ಆ ಸಾಲಿನಲ್ಲಿ ನಿಲ್ಲುವ ಅಗತ್ಯವೇ ಇರಲಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರು ಸಿಗಬೇಕು. ಅಲ್ಲಿ ಆದಾಯದ ಪ್ರಶ್ನೆ ಬರುವುದಿಲ್ಲ.

ಇದೇ ಕಲಂನಲ್ಲಿ ಇನ್ನೂ ಕೆಲವರಿದ್ದಾರೆ: ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಮಾನವ ಸಾಗಣೆ ಅಥವಾ ಜೀತಕ್ಕೆ ಸಿಕ್ಕಿದವರು, ನೆರೆ, ಬರ, ಗಲಭೆಗಳಿಂದ ನೊಂದವರು. ಇವರು ಹೊರಗಿದ್ದರೂ ಆದಾಯ ಕೇಳುವಂತಿಲ್ಲ. ಉಳಿದವರಿಗೆ, ಅಂದರೆ ಜಾಮೀನಿನ ಮೇಲೆ ಹೊರಗಿರುವ ಅಥವಾ ಬಂಧನವಾಗದೆ ಸಮನ್ಸ್ ಬಂದಿರುವ ಸಾಮಾನ್ಯ ವರ್ಗದ ಗಂಡಸರಿಗೆ, ಆದಾಯ ಮಿತಿಯುಂಟು. ರಾಜ್ಯ ಸರ್ಕಾರ ಅದನ್ನು ಆಗಾಗ ಏರಿಸುತ್ತದೆ, ಹಾಗಾಗಿ ಈಗಿನ ಮೊತ್ತವನ್ನು ಕಚೇರಿಯಲ್ಲೇ ಕೇಳಿಕೊಳ್ಳಿ. ಅವರೂ ನಾಡಕಚೇರಿಗೆ ಓಡಬೇಕಿಲ್ಲ. 13ನೇ ಕಲಂ ಪ್ರಕಾರ ಆದಾಯದ ಬಗ್ಗೆ ಒಂದು ಅಫಿಡವಿಟ್ ಕೊಟ್ಟರೆ ಸಾಕು, ಅದನ್ನು ನಂಬದಿರಲು ಕಾರಣವಿದ್ದರೆ ಮಾತ್ರ ಬೇರೆ ದಾಖಲೆ ಕೇಳಬಹುದು.

ಇದು ಸರ್ಕಾರದ ದಯೆಯಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಕೌಂಟರಿಗೆ ಹೋಗಿ. 1979ರಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಡ ಆರೋಪಿಗೆ ವಕೀಲರನ್ನು ಒದಗಿಸುವುದು ಸಂವಿಧಾನದ 21ನೇ ವಿಧಿಯಲ್ಲೇ ಅಡಗಿದೆ ಎಂದಿತು. 1986ರ ಸುಖ್ ದಾಸ್ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆರೋಪಿ ಕೇಳಲಿಲ್ಲ ಎಂಬ ಕಾರಣಕ್ಕೆ ವಕೀಲರಿಲ್ಲದೆ ವಿಚಾರಣೆ ನಡೆಸಿ ಕೊಟ್ಟ ಶಿಕ್ಷೆ ನಿಲ್ಲುವುದಿಲ್ಲ ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನು) 341ನೇ ಕಲಂ ಈ ಹೊಣೆಯನ್ನು ನೇರವಾಗಿ ನ್ಯಾಯಾಲಯದ ಮೇಲೆ ಹೊರಿಸಿದೆ. ಹಳೆಯ ಸಂಹಿತೆಯ 304ನೇ ಕಲಂ ಸೆಷನ್ಸ್ ವಿಚಾರಣೆಗೆ ಸೀಮಿತವಾಗಿತ್ತು, ಹೊಸದು ಯಾವುದೇ ನ್ಯಾಯಾಲಯದ ವಿಚಾರಣೆಗೂ ಮೇಲ್ಮನವಿಗೂ ಅನ್ವಯಿಸುತ್ತದೆ.

ಮೊದಲ 24 ಗಂಟೆ

ಬಂಧನವಾದ ವ್ಯಕ್ತಿಯನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಷ್ಟರೊಳಗೆ ಮನೆಯವರು ಠಾಣೆಯಿಂದ ನಾಲ್ಕು ಸಂಗತಿ ತಿಳಿದುಕೊಳ್ಳಬೇಕು: ಕ್ರೈಂ ನಂಬರ್ (ಉತ್ತರ ಕರ್ನಾಟಕದ ಕಡೆ ಗುನ್ನೆ ನಂಬರ್ ಎನ್ನುತ್ತಾರೆ), ಹಾಕಿರುವ ಕಲಂಗಳು, ಬಂಧಿಸಿದ ದಿನ ಮತ್ತು ಹೊತ್ತು, ಹಾಜರುಪಡಿಸಲಿರುವ ಕೋರ್ಟು. ಕ್ರೈಂ ನಂಬರ್ ಇಲ್ಲದಿದ್ದರೆ ಮುಂದಿನ ಯಾವ ಕಚೇರಿಯಲ್ಲೂ ಕೆಲಸ ಸಲೀಸಾಗಿ ಸಾಗುವುದಿಲ್ಲ. ಠಾಣೆಯಲ್ಲಿ ಹೇಳದಿದ್ದರೆ ರಾಜ್ಯ ಪೊಲೀಸ್ ಜಾಲತಾಣದಲ್ಲಿ ಎಫ್‌ಐಆರ್ ಹುಡುಕಿ. ಪೋಕ್ಸೊ, ಅತ್ಯಾಚಾರದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು ಅಲ್ಲಿ ಏರಿಸಬೇಕು ಎಂಬುದು 2016ರಿಂದಲೇ ಇರುವ ನಿಯಮ.

ಆಮೇಲೆ 15100ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ. ಹತ್ತಿರದಲ್ಲೇ ಇದ್ದರೆ ಕರೆಗಿಂತ ಕಾಲು ನಂಬಿ: ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇರುತ್ತದೆ. "ಲೀಗಲ್ ಏಡ್ ಆಫೀಸ್ ಎಲ್ಲಿ?" ಎಂದು ಗೇಟಿನಲ್ಲಿ ಕೇಳಿದರೆ ತೋರಿಸುತ್ತಾರೆ. ಆದರೆ ಗೇಟಿನಲ್ಲೇ "ಬನ್ನಿ, ನಾನೇ ಮಾಡಿಸಿಕೊಡ್ತೀನಿ" ಎನ್ನುವವರ ಹಿಂದೆ ಹೋಗಬೇಡಿ.

ವಿಚಾರಣೆ ಮಾಡುವಾಗ ಠಾಣೆಯಲ್ಲೇ ವಕೀಲರನ್ನು ಭೇಟಿಯಾಗುವ ಹಕ್ಕು ಆರೋಪಿಗಿದೆ. ಪ್ರಶ್ನೆ ಕೇಳುವ ಅಷ್ಟೂ ಹೊತ್ತು ವಕೀಲರು ಪಕ್ಕದಲ್ಲಿ ಕೂರುವಂತಿಲ್ಲ, ಅಷ್ಟೇ. ಈ ಹಂತಕ್ಕೂ ಉಚಿತ ವಕೀಲರನ್ನು ಕಳಿಸಬೇಕೆಂದು 2019ರಲ್ಲಿ ರಾಷ್ಟ್ರೀಯ ಪ್ರಾಧಿಕಾರವೇ ಕಾರ್ಯವಿಧಾನ ಹೊರಡಿಸಿದೆ. ಠಾಣೆಯಿಂದ ಫೋನ್ ಬಂದರೆ ವಕೀಲರು ಹೋಗುತ್ತಾರೆ, ಬರದಿದ್ದರೆ ಅವರಿಗೆ ಗೊತ್ತಾಗುವುದೇ ಇಲ್ಲ. ಆ ಫೋನನ್ನು ಮನೆಯವರೂ ಮಾಡಬಹುದು.

ಭಾನುವಾರ ಅಥವಾ ರಜೆಯ ದಿನ ಹಾಜರುಪಡಿಸಬೇಕಾಗಿ ಬಂದರೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯುತ್ತಾರೆ. ಹೆಚ್ಚಿನವರಿಗೆ ವಕೀಲರು ತಪ್ಪುವುದು ಇಲ್ಲೇ. ರಜೆಯ ದಿನಕ್ಕೆಂದೇ ರಿಮಾಂಡ್ (ಆರೋಪಿಯನ್ನು ಕಸ್ಟಡಿಗೆ ಒಪ್ಪಿಸುವ ಆದೇಶ) ವಕೀಲರ ಸರದಿ ಇರುತ್ತದೆ, ಅವರ ನಂಬರನ್ನು ಶನಿವಾರವೇ ಕಚೇರಿಯಿಂದ ಅಥವಾ 15100ರಿಂದ ಪಡೆದುಕೊಳ್ಳಿ. ಯಾರೂ ಸಿಗದಿದ್ದರೂ ಆರೋಪಿಗೆ ಒಂದು ವಾಕ್ಯ ಹೇಳಿಕೊಟ್ಟಿರಿ: "ಸ್ವಾಮಿ, ನನಗೆ ವಕೀಲರಿಲ್ಲ, ಸರ್ಕಾರದಿಂದ ವಕೀಲರನ್ನು ಕೊಡಿ." ಮೊದಲ ಬಾರಿ ಹಾಜರುಪಡಿಸಿದಾಗ ಈ ಹಕ್ಕನ್ನು ತಾವಾಗಿಯೇ ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ ಎಂದು 2012ರ ಅಜ್ಮಲ್ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಕೇಳಿದರೆ ಅದು ದಾಖಲೆಗೆ ಹೋಗುತ್ತದೆ. ಹೊಡೆತ ಬಿದ್ದಿದ್ದರೆ ಹೇಳಬೇಕಾದ ಜಾಗವೂ ಇದೇ. ಜೈಲಿಗೆ ಹೋದ ಮೇಲೆ ಹೇಳಿದ ಗಾಯ ಎಲ್ಲಿ ಆಯಿತು ಎಂಬುದೇ ಚರ್ಚೆಯಾಗುತ್ತದೆ.

ಅರ್ಜಿ ಬರೆಯುವುದು

ಮುದ್ರಿತ ಫಾರಂ ಸಿಕ್ಕರೆ ತುಂಬಿ, ಇಲ್ಲದಿದ್ದರೆ ಬಿಳಿ ಹಾಳೆ ಸಾಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಕಚೇರಿಯ ಸಿಬ್ಬಂದಿ ಅಥವಾ ಪಿಎಲ್‌ವಿ ಎಂದು ಕರೆಯುವ ಸ್ವಯಂಸೇವಕರು ಬರೆದುಕೊಳ್ಳಬೇಕು. ರಾಷ್ಟ್ರೀಯ ಪ್ರಾಧಿಕಾರದ ಜಾಲತಾಣದಲ್ಲೂ ಸಲ್ಲಿಸಬಹುದು. ಹೀಗೆ ಬರೆದರೆ ಸಾಕು:

"ಸದಸ್ಯ ಕಾರ್ಯದರ್ಶಿಗಳು, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಇವರಿಗೆ. ವಿಷಯ: ಉಚಿತ ವಕೀಲರನ್ನು ನೇಮಿಸುವ ಬಗ್ಗೆ. ನನ್ನ ತಮ್ಮ (ಹೆಸರು, ತಂದೆಯ ಹೆಸರು, ವಯಸ್ಸು) ಅವರನ್ನು (ಠಾಣೆ) ಪೊಲೀಸರು ಕ್ರೈಂ ನಂ. (ಸಂಖ್ಯೆ/ವರ್ಷ), ಕಲಂ (ಇಷ್ಟು) ಪ್ರಕರಣದಲ್ಲಿ (ದಿನಾಂಕ) ರಂದು ಬಂಧಿಸಿರುತ್ತಾರೆ. (ಕೋರ್ಟು) ಮುಂದೆ (ದಿನಾಂಕ) ರಂದು ಹಾಜರುಪಡಿಸಲಾಗಿದ್ದು, ಈಗ (ಜೈಲು) ಕಾರಾಗೃಹದಲ್ಲಿದ್ದಾರೆ. ಮುಂದಿನ ತಾರೀಖು (ದಿನಾಂಕ). ಇವರು ಬಂಧನದಲ್ಲಿರುವುದರಿಂದ 1987ರ ಕಾಯ್ದೆಯ 12ನೇ ಕಲಂ ಅಡಿ ಅರ್ಹರು. ರಿಮಾಂಡ್, ಜಾಮೀನು ಮತ್ತು ವಿಚಾರಣೆಗೆ ವಕೀಲರನ್ನು ನೇಮಿಸಬೇಕೆಂದು ಕೋರುತ್ತೇನೆ."

ಕೆಳಗೆ ಸಹಿ ಅಥವಾ ಹೆಬ್ಬೆಟ್ಟು, ಸದಾ ಎತ್ತುವ ಎರಡು ಫೋನ್ ನಂಬರ್. ಜೊತೆಗೆ ಎಫ್‌ಐಆರ್ ಪ್ರತಿ ಮತ್ತು ಯಾವುದಾದರೂ ಗುರುತಿನ ಚೀಟಿ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ದಿನಾಂಕದ ಸೀಲು ಹಾಕಿಸಿಕೊಳ್ಳಿ. ಸೀಲು ಕೇಳಲು ಸಂಕೋಚಪಡುವವರೇ ಆಮೇಲೆ "ನೀವು ಅರ್ಜಿಯನ್ನೇ ಕೊಟ್ಟಿಲ್ಲವಲ್ಲ" ಎಂಬ ಮಾತು ಕೇಳಬೇಕಾಗುತ್ತದೆ. ರಾಷ್ಟ್ರೀಯ ಪ್ರಾಧಿಕಾರದ 2010ರ ನಿಯಮಗಳ ಪ್ರಕಾರ ಅರ್ಜಿಯನ್ನು ತಕ್ಷಣ ಪರಿಶೀಲಿಸಬೇಕು, ಏಳು ದಿನ ದಾಟಿಸುವಂತಿಲ್ಲ. ತಿರಸ್ಕರಿಸಿದರೆ ಪ್ರಾಧಿಕಾರದ ಅಧ್ಯಕ್ಷರಿಗೆ, ಅಂದರೆ ಜಿಲ್ಲಾ ನ್ಯಾಯಾಧೀಶರಿಗೆ, ಮೇಲ್ಮನವಿ ಕೊಡಬಹುದು. ನಿರ್ದಿಷ್ಟ ವಕೀಲರೇ ಬೇಕೆಂದಿದ್ದರೆ ಅರ್ಜಿಯಲ್ಲೇ ಬರೆಯಿರಿ. ಪರಿಗಣಿಸಬಹುದು, ಖಾತ್ರಿಯಲ್ಲ.

ಜೈಲಿನೊಳಗೂ ಕಾನೂನು ನೆರವು ಕೇಂದ್ರವಿರುತ್ತದೆ. ಮನೆಯವರೇ ಇಲ್ಲದ ಕೈದಿ ಅಲ್ಲಿಂದ ಅಥವಾ ಜೈಲು ಸೂಪರಿಂಟೆಂಡೆಂಟರ ಮೂಲಕ ಅರ್ಜಿ ಕಳಿಸಬಹುದು.

ಬರುವ ವಕೀಲರು ಯಾರು

ಎರಡು ಬಗೆ. 2022ರ ರಾಷ್ಟ್ರೀಯ ಯೋಜನೆಯಡಿ ಜಿಲ್ಲಾ ಕೇಂದ್ರಗಳಲ್ಲಿ ಕಾನೂನು ನೆರವು ಅಭಿರಕ್ಷಕರ, ಅಂದರೆ ಆರೋಪಿಗಳ ಪರ ವಾದಿಸುವ ವಕೀಲರ, ಕಚೇರಿಗಳು ಬಂದಿವೆ. ಮುಖ್ಯ ಅಭಿರಕ್ಷಕರಿಗೆ ಕನಿಷ್ಠ 10 ವರ್ಷ, ಉಪ ಮುಖ್ಯ ಅಭಿರಕ್ಷಕರಿಗೆ 7 ವರ್ಷದ ವಕೀಲಿಕೆ ಇರಬೇಕು, ಸಹಾಯಕರು ಹೊಸಬರು. ಇವರು ಪೂರ್ಣಾವಧಿ ಕೆಲಸಗಾರರು, ಖಾಸಗಿ ಕೇಸು ಹಿಡಿಯುವಂತಿಲ್ಲ, ಕ್ರಿಮಿನಲ್ ಕೇಸು ಬಿಟ್ಟು ಬೇರೆ ಮಾಡುವಂತಿಲ್ಲ. ಇನ್ನೊಂದು ಬಗೆ ಪ್ಯಾನೆಲ್ ವಕೀಲರು: ತಮ್ಮ ಖಾಸಗಿ ವೃತ್ತಿಯ ಜೊತೆಗೆ ಪ್ರಾಧಿಕಾರದ ಕೇಸುಗಳನ್ನೂ ನೋಡುವವರು. ತಾಲ್ಲೂಕು ಕೋರ್ಟುಗಳಲ್ಲಿ ಹೆಚ್ಚಾಗಿ ಸಿಗುವವರು ಇವರೇ.

ಒಂದೇ ಕೇಸಿನಲ್ಲಿ ಮೂವರು ಆರೋಪಿಗಳಿದ್ದು, "ನಾನಲ್ಲ, ಅವನೇ ಮಾಡಿದ್ದು" ಎಂದು ಒಬ್ಬ ಹೇಳುವಂತಿದ್ದರೆ ಮೂವರಿಗೂ ಒಂದೇ ಕಚೇರಿಯ ವಕೀಲರು ಸಲ್ಲ. ಇದನ್ನು ಮೊದಲ ಭೇಟಿಯಲ್ಲೇ ಹೇಳಿ, ಬೇರೆ ಪ್ಯಾನೆಲ್ ವಕೀಲರನ್ನು ಕೇಳಿ. ಸಾಕ್ಷಿ ಶುರುವಾದ ಮೇಲೆ ಹೇಳಿದರೆ ಆಗಲೇ ಆದ ಪಾಟೀ ಸವಾಲು (ಎದುರು ಪಕ್ಷದ ಸಾಕ್ಷಿಗೆ ಕೇಳುವ ಪ್ರಶ್ನೆಗಳು) ಯಾರ ಪರ, ಯಾರ ವಿರುದ್ಧ ಎಂದು ಬಿಡಿಸುವುದು ಕಷ್ಟ.

ವಕೀಲರ ಫೀಸು, ದಾಖಲೆಗಳ ದೃಢೀಕೃತ ಪ್ರತಿ, ಅನುವಾದ, ಪ್ರೋಸೆಸ್ ಶುಲ್ಕ ಎಲ್ಲವನ್ನೂ ಪ್ರಾಧಿಕಾರ ಭರಿಸುತ್ತದೆ. ನೇಮಕಗೊಂಡ ವಕೀಲರು ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. "ಟೈಪಿಂಗ್ ಖರ್ಚು", "ಆಫೀಸಿಗೆ ಸ್ವಲ್ಪ" ಎಂದು ಕೇಳಿದರೆ ಕೊಡಬೇಡಿ, ಸದಸ್ಯ ಕಾರ್ಯದರ್ಶಿಗೆ ತಿಳಿಸಿ. ಆ ಹುದ್ದೆಯಲ್ಲಿರುವವರು ನ್ಯಾಯಾಧೀಶರೇ.

ಈ ಮೊದಲು ಖಾಸಗಿ ವಕೀಲರಿಗೆ ವಕಾಲತ್ತು ಸಹಿ ಮಾಡಿದ್ದೀರಾ? ಹೊಸ ವಕೀಲರು ಬರಲು ಹಳಬರ ಎನ್‌ಒಸಿ (ಆಕ್ಷೇಪಣೆಯಿಲ್ಲ ಎಂಬ ಪತ್ರ) ಕೇಳುವುದು ವಾಡಿಕೆ. ಬಾಕಿ ಫೀಸು ಕೊಡುವ ತನಕ ಕೊಡುವುದಿಲ್ಲ ಎಂದು ಕೆಲವರು ಪಟ್ಟು ಹಿಡಿಯುತ್ತಾರೆ. ಫೀಸಿಗಾಗಿ ಕೇಸಿನ ಕಾಗದ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು 2000ದಲ್ಲೇ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎನ್‌ಒಸಿ ಸಿಗದಿದ್ದರೆ ಕೋರ್ಟಿನ ಅನುಮತಿ ಕೇಳಿ ಹೊಸ ವಕಾಲತ್ತು ಹಾಕಬಹುದು. ಊರಿನ ವಕೀಲರ ಸಂಘ "ಇಂಥವನ ಪರ ಯಾರೂ ವಾದಿಸಬಾರದು" ಎಂದು ನಿರ್ಣಯ ಮಾಡಿದ್ದರೂ ಅಂಜಬೇಡಿ. ಅಂಥ ನಿರ್ಣಯಗಳಿಗೆ ಬೆಲೆಯಿಲ್ಲ ಎಂದು 2010ರ ಮೊಹಮ್ಮದ್ ರಫಿ ಪ್ರಕರಣದಲ್ಲಿ ಇತ್ಯರ್ಥವಾಗಿದೆ.

ವಕೀಲರಿಗೆ ಏನು ಹೇಳಬೇಕು

ಉಚಿತ ವಕೀಲರು ಕೆಲಸ ಮಾಡುವುದಿಲ್ಲ ಎಂಬ ದೂರಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ, ಅವರಿಗೆ ಕೈಯಲ್ಲಿ ಏನೂ ಇರುವುದಿಲ್ಲ ಎಂಬುದು. ಆರೋಪಿ ಜೈಲಿನಲ್ಲಿ, ಹಾಜರಾತಿ ವಿಡಿಯೊದಲ್ಲಿ, ಮನೆಯವರು ಯಾರೆಂದೇ ಗೊತ್ತಿಲ್ಲ. ಹಾಗಾಗಿ ನೀವೇ ಹೋಗಿ, ಒಂದು ಹಾಳೆಯಲ್ಲಿ ಬರೆದುಕೊಡಿ: ಘಟನೆಯ ಹೊತ್ತಿನಲ್ಲಿ ಆತ ಎಲ್ಲಿದ್ದ, ಅದನ್ನು ಯಾರು ನೋಡಿದ್ದಾರೆ, ಕೆಲಸದ ಹಾಜರಿ ಪುಸ್ತಕ, ಬಸ್ ಟಿಕೆಟ್, ಫೋನ್‌ಪೇ ದಾಖಲೆ ಏನಿದೆ. ಹತ್ತಿರದ ಅಂಗಡಿಯ ಸಿಸಿಟಿವಿ ಇದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಆ ದೃಶ್ಯಗಳ ಮೇಲೆ ಕೆಲವೇ ದಿನಗಳಲ್ಲಿ ಹೊಸವು ಬಂದು ಕೂರುತ್ತವೆ. ದೂರುದಾರರ ಜೊತೆ ಹಳೆಯ ಜಗಳ, ಜಮೀನಿನ ತಕರಾರು ಇದ್ದರೆ ಅದನ್ನೂ ಬರೆಯಿರಿ. ಹಿಂದಿನ ಕೇಸುಗಳನ್ನು ಮುಚ್ಚಿಡಬೇಡಿ, ಸರ್ಕಾರಿ ಅಭಿಯೋಜಕರು ಜಾಮೀನಿನ ಆಕ್ಷೇಪಣೆಯಲ್ಲಿ ಅವನ್ನು ತೆಗೆದೇ ತೆಗೆಯುತ್ತಾರೆ. ಮೊದಲು ಸಲ್ಲಿಸಿ ವಜಾ ಆದ ಜಾಮೀನು ಅರ್ಜಿ ಇದ್ದರೆ ಅದನ್ನೂ ಹೇಳಬೇಕು. ಹೇಳದೆ ಇನ್ನೊಂದು ಹಾಕಿದರೆ ಅದೊಂದೇ ಕಾರಣಕ್ಕೆ ತಿರಸ್ಕೃತವಾಗಬಹುದು.

ಕಾಯಿಲೆ, ಗರ್ಭಿಣಿ, ಮನೆಯಲ್ಲಿ ಎಳೆಯ ಮಗು, ಇವೆಲ್ಲ ಜಾಮೀನಿಗೆ ಆಧಾರ. ಎಲ್ಲಕ್ಕಿಂತ ಮುಖ್ಯ ವಯಸ್ಸು. ಪೊಲೀಸರು 19 ಎಂದು ಬರೆದಿದ್ದು ನಿಜವಾದ ವಯಸ್ಸು 17 ಆಗಿದ್ದರೆ ಇಡೀ ಕೇಸು ಬಾಲ ನ್ಯಾಯ ಮಂಡಳಿಗೆ ಹೋಗಬೇಕು. ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮೊದಲ ಆಧಾರ, ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪತ್ರ, ಎರಡೂ ಇಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ಆಧಾರ್ ಕಾರ್ಡು ಈ ಪಟ್ಟಿಯಲ್ಲಿಲ್ಲ. ಈ ವಾದವನ್ನು ಯಾವ ಹಂತದಲ್ಲಾದರೂ ಎತ್ತಬಹುದು, ಆದರೆ ತಡವಾದಷ್ಟೂ ಹುಡುಗ ದೊಡ್ಡವರ ಜೈಲಿನಲ್ಲಿರುತ್ತಾನೆ.

ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಕೊಡಗಿನ ತೋಟಕ್ಕೋ ಬಂದ ಒಡಿಶಾ, ಅಸ್ಸಾಂ, ಬಂಗಾಳದವರಿಗೆ ಕನ್ನಡದ ದೋಷಾರೋಪ ಪಟ್ಟಿ ಅರ್ಥವಾಗುವುದಿಲ್ಲ. ಭಾಷಾಂತರಕಾರರನ್ನು ಕೇಳಲು ವಕೀಲರಿಗೆ ಹೇಳಿ. ಏನು ಕೇಳಿದರೂ ತಲೆಯಾಡಿಸುವ ಆರೋಪಿ ಏನು ಒಪ್ಪಿಕೊಳ್ಳುತ್ತಿದ್ದಾನೆಂದು ಅವನಿಗೇ ಗೊತ್ತಿರುವುದಿಲ್ಲ.

ದಿನ ಎಣಿಸುವುದು

ಮನೆಯವರು ತಾವೇ ಮಾಡಬಹುದಾದ, ಮಾಡಲೇಬೇಕಾದ ಕೆಲಸ ಇದು. ಗೋಡೆಯ ಕ್ಯಾಲೆಂಡರ್ ಸಾಕು. ಪೊಲೀಸರು 60 ದಿನದೊಳಗೆ, ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಹಾಗೂ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ 90 ದಿನದೊಳಗೆ, ಚಾರ್ಜ್‌ಶೀಟ್ (ದೋಷಾರೋಪ ಪಟ್ಟಿ) ಹಾಕದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಕೇಸಿನ ಗುಣಾವಗುಣದ ಚರ್ಚೆಯೇ ಇಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಂನ ಈ ಜಾಮೀನಿಗೆ ಕೋರ್ಟಿನ ಭಾಷೆಯಲ್ಲಿ ಡಿಫಾಲ್ಟ್ ಬೇಲ್ ಎನ್ನುತ್ತಾರೆ.

ಎಣಿಕೆ ಶುರುವಾಗುವುದು ಬಂಧನದ ದಿನದಿಂದಲ್ಲ, ಮ್ಯಾಜಿಸ್ಟ್ರೇಟರು ಮೊದಲು ರಿಮಾಂಡ್ ಮಾಡಿದ ದಿನದಿಂದ. ಆ ದಿನವೂ ಲೆಕ್ಕಕ್ಕೆ ಸೇರುತ್ತದೆ ಎಂದು 2023ರ ಕಪಿಲ್ ವಾಧವಾನ್ ತೀರ್ಪು ಹೇಳಿದೆ. ಮಾರ್ಚ್ 3ರಂದು ಬಂಧಿಸಿ 4ರಂದು ಹಾಜರುಪಡಿಸಿದರು ಎನ್ನಿ. ಮಾರ್ಚ್ 4 ಮೊದಲ ದಿನ. ಮಾರ್ಚ್‌ನಲ್ಲಿ 28, ಏಪ್ರಿಲ್‌ನಲ್ಲಿ 30, ಒಟ್ಟು 58. ಮೇ 2ಕ್ಕೆ 60 ತುಂಬುತ್ತದೆ. ಮೇ 3ರ ಬೆಳಿಗ್ಗೆ ಕೋರ್ಟು ತೆರೆದ ಕೂಡಲೇ ಅರ್ಜಿ ಬೀಳಬೇಕು. 90ರ ಲೆಕ್ಕವಾದರೆ ಜೂನ್ 1ಕ್ಕೆ ಮುಗಿಯುತ್ತದೆ, ಅರ್ಜಿ ಜೂನ್ 2ಕ್ಕೆ.

"ಬೆಳಿಗ್ಗೆ" ಎಂಬುದನ್ನು ಸುಮ್ಮನೆ ಹೇಳಿದ್ದಲ್ಲ. ಅರ್ಜಿ ಹಾಕುವ ಮೊದಲು ಚಾರ್ಜ್‌ಶೀಟ್ ಬಂದುಬಿಟ್ಟರೆ ಈ ಹಕ್ಕು ಹೋಗುತ್ತದೆ. ಮಧ್ಯಾಹ್ನ ಬಂದ ಚಾರ್ಜ್‌ಶೀಟ್ ಬೆಳಿಗ್ಗೆಯ ಅರ್ಜಿಯನ್ನು ಕೆಡಿಸಲಾರದು, ಆದರೆ ಮಧ್ಯಾಹ್ನದ ಅರ್ಜಿಯನ್ನು ಬೆಳಿಗ್ಗೆಯ ಚಾರ್ಜ್‌ಶೀಟ್ ಕೆಡಿಸುತ್ತದೆ. 55ನೇ ದಿನವೇ ವಕೀಲರಿಗೆ ನೆನಪಿಸಿ, ಅರ್ಜಿ ಟೈಪ್ ಆಗಿ ಸಿದ್ಧವಿರಲಿ. 60ನೇ ದಿನ ಭಾನುವಾರ ಬಂದರೂ ಪೊಲೀಸರಿಗೆ ಹೆಚ್ಚುವರಿ ದಿನ ಸಿಗುವುದಿಲ್ಲ. "10 ವರ್ಷದವರೆಗೆ" ಶಿಕ್ಷೆ ಎಂದಿರುವ ಕಲಂಗಳಲ್ಲಿ 60ರೋ 90ರೋ ಎಂಬ ವಾದವಿದೆ. ಅಂಥಲ್ಲಿ 61ನೇ ದಿನವೇ ಹಾಕಿಸಿ, ತಿರಸ್ಕರಿಸಿದರೆ 91ಕ್ಕೆ ಮತ್ತೆ ಹಾಕಬಹುದು. ಗಾಂಜಾ ಮುಂತಾದ ಎನ್‌ಡಿಪಿಎಸ್ (ಮಾದಕ ವಸ್ತು ಕಾಯ್ದೆ) ಕೇಸಿನಲ್ಲಿ ವಾಣಿಜ್ಯ ಪ್ರಮಾಣವಿದ್ದರೆ, ಅಂದರೆ ಕಾನೂನು ಗೊತ್ತುಮಾಡಿದ ದೊಡ್ಡ ಪ್ರಮಾಣವಿದ್ದರೆ, ಅವಧಿ 180 ದಿನ.

ಎರಡನೇ ಎಣಿಕೆ ಉದ್ದದ್ದು. ಅದೇ ಸಂಹಿತೆಯ 479ನೇ ಕಲಂ ಪ್ರಕಾರ, ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಅರ್ಧ ಅವಧಿಯನ್ನು ವಿಚಾರಣಾಧೀನ ಕೈದಿಯಾಗಿ ಕಳೆದವರನ್ನು ಬಿಡಬೇಕು. ಹಿಂದೆ ಎಂದೂ ಶಿಕ್ಷೆಯಾಗಿರದವರಿಗೆ ಮೂರನೇ ಒಂದು ಭಾಗ ಸಾಕು. ಮಾಮೂಲಿ ಕಳ್ಳತನಕ್ಕೆ ಗರಿಷ್ಠ 3 ವರ್ಷ, ಹಾಗಾಗಿ ಮೊದಲ ಸಲದವರಿಗೆ 1 ವರ್ಷ, ಉಳಿದವರಿಗೆ ಒಂದೂವರೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದಿಲ್ಲ. ಒಂದಕ್ಕಿಂತ ಹೆಚ್ಚು ಕೇಸು ಬಾಕಿಯಿದ್ದರೂ ಇಲ್ಲ. 2024ರ ಜುಲೈಗೂ ಮೊದಲಿನ ಕೇಸುಗಳಿಗೂ ಇದು ಅನ್ವಯ ಎಂದು ಅದೇ ವರ್ಷದ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಅರ್ಜಿ ಕಳಿಸುವ ಹೊಣೆ ಜೈಲು ಸೂಪರಿಂಟೆಂಡೆಂಟರದ್ದು, ಆದರೆ ನೂರಾರು ಕೈದಿಗಳ ನಡುವೆ ಒಬ್ಬನ ತಾರೀಖು ತಪ್ಪಿಹೋಗುವುದು ಸುಲಭ. ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿ, ಎಸ್‌ಪಿ, ಪ್ರಾಧಿಕಾರದ ಕಾರ್ಯದರ್ಶಿ, ಜೈಲು ಅಧಿಕಾರಿ ಇರುವ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಯ ಮುಂದೆ ಹೆಸರು ಇಡುವಂತೆ ಪ್ರಾಧಿಕಾರಕ್ಕೆ ಒಂದು ಪತ್ರ ಕೊಡಿ.

ಜಾಮೀನು ಸಿಕ್ಕಿತು, ಆದರೆ ಹೊರಗೆ ಬಂದಿಲ್ಲ

ಆದೇಶವಾಗಿ ತಿಂಗಳಾದರೂ ಒಳಗೇ ಇರುವವರ ಕಾರಣ ಸಾಮಾನ್ಯವಾಗಿ ಎರಡು: ಜಾಮೀನುದಾರರಿಲ್ಲ, ಅಥವಾ ಇನ್ನೊಂದು ಕೇಸಿನಲ್ಲಿ ಬಾಡಿ ವಾರಂಟ್ (ಕೈದಿಯನ್ನು ಆ ಕೇಸಿನ ಕೋರ್ಟಿಗೆ ಹಾಜರುಪಡಿಸುವ ಆದೇಶ) ಇದೆ. ಎರಡನೆಯದನ್ನು ಬಿಡುಗಡೆಯ ಹಿಂದಿನ ದಿನವೇ ಜೈಲಿನ ಕಚೇರಿಯಲ್ಲಿ ಕೇಳಿಕೊಳ್ಳಿ. ಇಲ್ಲದಿದ್ದರೆ ಗೇಟಿನ ಮುಂದೆ ಕಾದು ಬರಿಗೈಯಲ್ಲಿ ಬಸ್ ಹತ್ತಬೇಕಾಗುತ್ತದೆ.

ಶೂರಿಟಿಗೆ, ಅಂದರೆ ಜಾಮೀನುದಾರರಾಗಿ ನಿಲ್ಲಲು, ಕೋರ್ಟುಗಳು ಸಾಮಾನ್ಯವಾಗಿ ಕೇಳುವುದು ಆಧಾರ್, ಫೋಟೊ, ಆಸ್ತಿಯ ದಾಖಲೆ: ಹಳ್ಳಿಯವರಾದರೆ ಇತ್ತೀಚಿನ ಪಹಣಿ, ಪಟ್ಟಣದವರಾದರೆ ಖಾತೆ ಮತ್ತು ಕಂದಾಯ ರಸೀದಿ. ಪಹಣಿ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ ನಡೆಯುವುದಿಲ್ಲ. ಬೇರೆ ಯಾರಿಗೆಲ್ಲ ಶೂರಿಟಿ ನಿಂತಿದ್ದೇನೆ ಎಂದು ಜಾಮೀನುದಾರರು ಘೋಷಿಸಬೇಕು. ಕೋರ್ಟ್ ಹೊರಗೆ ಬಾಡಿಗೆಗೆ ಸಿಗುವ ಶೂರಿಟಿಗಳನ್ನು ಮುಟ್ಟಬೇಡಿ. ನಕಲಿ ಎಂದು ಗೊತ್ತಾದರೆ ಜಾಮೀನು ರದ್ದಾಗುವುದರ ಜೊತೆಗೆ ಹೊಸ ಕೇಸು ಬೀಳುತ್ತದೆ. ಒಬ್ಬನ ಮೇಲೆ ಹಲವು ಕೇಸುಗಳಿದ್ದರೆ ಎಲ್ಲಕ್ಕೂ ಬೇರೆ ಬೇರೆ ಶೂರಿಟಿ ಹುಡುಕಬೇಕಿಲ್ಲ. ಅದೇ ಜಾಮೀನುದಾರರು ಎಲ್ಲದಕ್ಕೂ ನಿಲ್ಲಬಹುದು ಎಂದು 2024ರ ಗಿರೀಶ್ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ.

ಶೂರಿಟಿಯೇ ಸಿಗದವರಿಗೆ ದಾರಿಗಳಿವೆ. ಜಾಮೀನಿಗೆ ಅರ್ಹವಾದ ಸಣ್ಣ ಅಪರಾಧವಾಗಿದ್ದು, ಬಂಧನವಾಗಿ ಒಂದು ವಾರದೊಳಗೆ ಶೂರಿಟಿ ಕೊಡಲಾಗದಿದ್ದರೆ ಆತನನ್ನು ಬಡವನೆಂದೇ ಪರಿಗಣಿಸಿ ಸ್ವಂತ ಬಾಂಡ್ ಮೇಲೆ ಬಿಡಬೇಕು, ಸಂಹಿತೆಯ 478ನೇ ಕಲಂ ಅದನ್ನು ಹೇಳುತ್ತದೆ. ಬೇರೆ ಕೇಸುಗಳಲ್ಲಿ, ಆದೇಶವಾಗಿ 7 ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಸೂಪರಿಂಟೆಂಡೆಂಟರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ಒಂದು ತಿಂಗಳಾದರೂ ಬಾಂಡ್ ಬರದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟೇ ಪರಿಶೀಲಿಸಬಹುದು. 2023ರ ಜನವರಿಯಲ್ಲಿ ಬಂದ ಸುಪ್ರೀಂ ಕೋರ್ಟ್ ನಿರ್ದೇಶನವಿದು. ತಿಂಗಳು ಕಾಯಬೇಡಿ, ಎಂಟನೇ ದಿನವೇ ಮೊತ್ತ ಇಳಿಸಲು ಅಥವಾ ಶೂರಿಟಿ ಬದಲು ನಗದು ಠೇವಣಿಗೆ ಅರ್ಜಿ ಹಾಕಿಸಿ. ಠೇವಣಿಗೂ ದುಡ್ಡಿಲ್ಲದಿದ್ದರೆ ಬಡ ಕೈದಿಗಳ ನೆರವಿನ ಕೇಂದ್ರ ಯೋಜನೆಯಿದೆ. 2023ರ ಮಾರ್ಗಸೂಚಿಯಂತೆ ವಿಚಾರಣಾಧೀನ ಕೈದಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಶಿಕ್ಷಿತರಿಗೆ 25,000ದವರೆಗೆ. ಭ್ರಷ್ಟಾಚಾರ, ಅಕ್ರಮ ಹಣ ವರ್ಗಾವಣೆ, ಎನ್‌ಡಿಪಿಎಸ್, ಯುಎಪಿಎ (ಭಯೋತ್ಪಾದನೆ ತಡೆಯುವ ಕಾಯ್ದೆ) ಕೇಸುಗಳು ಇದರಿಂದ ಹೊರಗೆ.

ಹೊರಬಂದ ಮೇಲೆ ತಾರೀಖು ತಪ್ಪಿಸಬೇಡಿ. ಎಫ್‌ಐಆರ್ ಸಂಖ್ಯೆ ಬೇರೆ, ಕೋರ್ಟಿನ ಕೇಸ್ ನಂಬರ್ ಬೇರೆ. 16 ಅಂಕೆ-ಅಕ್ಷರಗಳ ಸಿಎನ್‌ಆರ್ ಸಂಖ್ಯೆಯನ್ನು ವಕೀಲರಿಂದ ಬರೆಸಿಕೊಂಡು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಖು ಕಾಣುತ್ತದೆ. ಗೈರಾದರೆ ವಾರಂಟ್ ಹೊರಡುತ್ತದೆ, ಶೂರಿಟಿ ನಿಂತ ನೆಂಟರ ಜೇಬಿಗೂ ಬೀಳುತ್ತದೆ.

ವಿಚಾರಣೆ ನಡೆಯುವಾಗ

ಹಾಜರಾದ 14 ದಿನದೊಳಗೆ ಚಾರ್ಜ್‌ಶೀಟಿನ ಪ್ರತಿ ಉಚಿತವಾಗಿ ಸಿಗಬೇಕು. ಮಹಜರು, ವೈದ್ಯಕೀಯ ವರದಿ, ಸಾಕ್ಷಿಗಳ ಹೇಳಿಕೆ ಎಲ್ಲವೂ ಇದೆಯೇ ಎಂದು ಪುಟ ಎಣಿಸಿ ನೋಡಿ. ಜೀವಾವಧಿ ಅಥವಾ ಮರಣದಂಡನೆ ಸಾಧ್ಯವಿರುವ ಕೇಸಾದರೆ 2019ರ ಅನೋಖಿಲಾಲ್ ತೀರ್ಪನ್ನು ನೆನಪಿಡಿ. ಮಧ್ಯಪ್ರದೇಶದ ಆ ಕೇಸಿನಲ್ಲಿ ವಕೀಲರನ್ನು ನೇಮಿಸಿದ ದಿನವೇ ಆರೋಪ ಹೊರಿಸಿ, ಎರಡು ವಾರದೊಳಗೆ ವಿಚಾರಣೆ ಮುಗಿಸಿ ಗಲ್ಲು ವಿಧಿಸಲಾಗಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ ಮರುವಿಚಾರಣೆಗೆ ಕಳಿಸಿತು. ಇಂಥ ಕೇಸುಗಳಿಗೆ ಕನಿಷ್ಠ 10 ವರ್ಷದ ಅನುಭವವಿರುವ ವಕೀಲರನ್ನೇ ನೇಮಿಸಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಕೊಡಬೇಕು ಎಂದೂ ಹೇಳಿತು. ನಿಮ್ಮ ಕೊಲೆ ಕೇಸಿಗೆ ಎರಡು ವರ್ಷದ ವಕೀಲರು ಒಬ್ಬರೇ ಬಂದಿದ್ದರೆ ಈ ತೀರ್ಪಿನ ಹೆಸರು ಹೇಳಿ ಬದಲಾವಣೆ ಕೇಳಿ.

ಕೇಸು ಕೆಡುವುದು ಹೆಚ್ಚಾಗಿ ಸಾಕ್ಷಿಯ ದಿನ. ಸಾಕ್ಷಿ ಬಂದಿರುತ್ತಾರೆ, ವಕೀಲರು ಇನ್ನೊಂದು ಹಾಲ್‌ನಲ್ಲಿರುತ್ತಾರೆ, "ಪಾಟೀ ಸವಾಲು ಇಲ್ಲ" ಎಂದು ದಾಖಲಾಗುತ್ತದೆ. ಸವಾಲಿಲ್ಲದ ಸಾಕ್ಷ್ಯವನ್ನು ತೀರ್ಪಿನಲ್ಲಿ ಸತ್ಯವೆಂದೇ ಓದುತ್ತಾರೆ. ಸಾಕ್ಷಿಯ ತಾರೀಖಿನ ಹಿಂದಿನ ದಿನ ವಕೀಲರಿಗೆ ಫೋನ್ ಮಾಡಿ. ಆದರೂ ತಪ್ಪಿದರೆ, ಸಂಹಿತೆಯ 348ನೇ ಕಲಂ ಅಡಿ ಸಾಕ್ಷಿಯನ್ನು ಮತ್ತೆ ಕರೆಸಲು ಮುಂದಿನ ತಾರೀಖಿನೊಳಗೇ ಅರ್ಜಿ ಹಾಕಿಸಿ. ವರ್ಷ ಬಿಟ್ಟು ಕೇಳಿದರೆ ಕೋರ್ಟಿಗೆ ಅದು ಎಳೆದಾಟದಂತೆ ಕಾಣುತ್ತದೆ.

"ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಇವತ್ತೇ ಮುಗಿಯುತ್ತದೆ" ಎಂಬ ಸಲಹೆ ಸಣ್ಣ ಕೇಸುಗಳಲ್ಲಿ ಸದಾ ತೇಲುತ್ತಿರುತ್ತದೆ. ಮುಗಿಯುವುದು ನಿಜ, ಆದರೆ ಅದು ಶಿಕ್ಷೆ. ಸರ್ಕಾರಿ ಕೆಲಸಕ್ಕೆ ಪೊಲೀಸ್ ಪರಿಶೀಲನೆ ಬಂದಾಗ ಅದು ಎದುರು ನಿಲ್ಲುತ್ತದೆ. ಒಪ್ಪಿಕೊಳ್ಳುವ ಮೊದಲು ವಕೀಲರ ಜೊತೆ ಹತ್ತು ನಿಮಿಷ ಕೇಳಿ, ಯಾವ ನ್ಯಾಯಾಧೀಶರೂ ಅದಕ್ಕೆ ಇಲ್ಲ ಎನ್ನುವುದಿಲ್ಲ.

ವಕೀಲರು ಸತತವಾಗಿ ಬರುತ್ತಿಲ್ಲವೇ? ಜಗಳ ಬೇಡ. ಯಾವ ತಾರೀಖು, ಏನಾಗಬೇಕಿತ್ತು, ಏನಾಯಿತು ಎಂದು ಮೂರು ಸಾಲಿನಲ್ಲಿ ಬರೆದು ಸದಸ್ಯ ಕಾರ್ಯದರ್ಶಿಗೆ ಕೊಟ್ಟು ಬೇರೆ ವಕೀಲರನ್ನು ಕೇಳಿ. "ಸರಿಯಾಗಿ ನೋಡ್ತಿಲ್ಲ" ಎಂಬ ದೂರಿಗೆ ಉತ್ತರ ಸಿಗುವುದಿಲ್ಲ, ತಾರೀಖುಗಳಿರುವ ದೂರಿಗೆ ಸಿಗುತ್ತದೆ. ಅಲ್ಲಿ ಆಗದಿದ್ದರೆ ಬೆಂಗಳೂರಿನ ನ್ಯಾಯ ದೇಗುಲ ಕಟ್ಟಡದಲ್ಲಿರುವ ರಾಜ್ಯ ಪ್ರಾಧಿಕಾರಕ್ಕೆ ಬರೆಯಿರಿ.

ಶಿಕ್ಷೆಯಾದರೆ

ತೀರ್ಪಿನ ಪ್ರತಿ ಆರೋಪಿಗೆ ಉಚಿತ, ಆ ದಿನವೇ ಕೇಳಿ ಪಡೆಯಿರಿ. ಜಾಮೀನಿನಲ್ಲಿದ್ದವರಿಗೆ 3 ವರ್ಷ ಮೀರದ ಶಿಕ್ಷೆಯಾಗಿದ್ದರೆ, ಮೇಲ್ಮನವಿ ಹಾಕುವ ತನಕ ಬಿಡಲು ಅದೇ ಕೋರ್ಟಿಗೆ ಅಧಿಕಾರವಿದೆ. ಅರ್ಜಿ ಮತ್ತು ಶೂರಿಟಿ ತೀರ್ಪಿನ ದಿನವೇ ಸಿದ್ಧವಿರಬೇಕು, ಇಲ್ಲದಿದ್ದರೆ ಸಂಜೆಗೆ ಜೈಲು ವ್ಯಾನು ಹೊರಡುತ್ತದೆ.

ಮ್ಯಾಜಿಸ್ಟ್ರೇಟ್ ಕೋರ್ಟಿನ ಶಿಕ್ಷೆಯ ವಿರುದ್ಧ ಸೆಷನ್ಸ್ ಕೋರ್ಟಿಗೆ 30 ದಿನ, ಸೆಷನ್ಸ್ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ 60 ದಿನ. ದೃಢೀಕೃತ ಪ್ರತಿ ಪಡೆಯಲು ಹಿಡಿದ ದಿನಗಳು ಇದರಲ್ಲಿ ಸೇರುವುದಿಲ್ಲ. ಮೊದಲಿನ ವಕೀಲರ ನೇಮಕ ತೀರ್ಪಿನೊಂದಿಗೆ ಮುಗಿಯುವುದರಿಂದ ಮೇಲ್ಮನವಿಗೆ ಹೊಸ ಅರ್ಜಿ ಬೇಕು. ಅದು ತಾನಾಗಿಯೇ ಮುಂದುವರಿಯುತ್ತದೆ ಎಂದುಕೊಂಡೇ ಅನೇಕರು ಅವಧಿ ಕಳೆದುಕೊಳ್ಳುತ್ತಾರೆ. ಹೈಕೋರ್ಟ್ ಕಾನೂನು ಸೇವೆಗಳ ಸಮಿತಿ ಬೆಂಗಳೂರಿನ ಜೊತೆಗೆ ಧಾರವಾಡ, ಕಲಬುರಗಿ ಪೀಠಗಳಲ್ಲೂ ಕೆಲಸ ಮಾಡುತ್ತದೆ. ಬೀದರ್, ರಾಯಚೂರು, ಯಾದಗಿರಿ, ವಿಜಯಪುರದ ಕೇಸುಗಳು ಕಲಬುರಗಿಗೆ, ಬೆಳಗಾವಿ, ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಬಳ್ಳಾರಿ, ಕಾರವಾರದ ಕಡೆಯವು ಧಾರವಾಡಕ್ಕೆ.

ಕೈದಿ ಜೈಲಿನಿಂದಲೇ ಸೂಪರಿಂಟೆಂಡೆಂಟರ ಮೂಲಕ ಮೇಲ್ಮನವಿ ಕಳಿಸಬಹುದು. ಒಂದು ಪುಟದ ಅರ್ಜಿ, ತೀರ್ಪಿನ ಪ್ರತಿ ಸಾಕು, ವಕೀಲರನ್ನು ಸಮಿತಿ ನೇಮಿಸುತ್ತದೆ. ಅವಧಿ ಮೀರಿದ್ದರೆ ವಿಳಂಬ ಮನ್ನಿಸುವ ಅರ್ಜಿ ಜೊತೆಗಿರಲಿ. ಜೈಲಿನಲ್ಲಿದ್ದೆ, ಹೇಳುವವರಿರಲಿಲ್ಲ ಎಂಬ ಕಾರಣವನ್ನು, ತಾರೀಖುಗಳ ಸಮೇತ ಹೇಳಿದರೆ, ಕೋರ್ಟುಗಳು ಸಾಮಾನ್ಯವಾಗಿ ಒಪ್ಪುತ್ತವೆ. ಹೈಕೋರ್ಟಿನಲ್ಲೂ ಸೋತರೆ ಸುಪ್ರೀಂ ಕೋರ್ಟಿಗೆ 90 ದಿನ. ಅಲ್ಲಿನ ಕಾನೂನು ಸೇವೆಗಳ ಸಮಿತಿಗೆ ಕಳಿಸುವ ಕಡತದಲ್ಲಿ ಕನ್ನಡದ ಸಾಕ್ಷ್ಯಗಳ ಇಂಗ್ಲಿಷ್ ಅನುವಾದ ಬೇಕಾಗುತ್ತದೆ, ಅದರ ಖರ್ಚೂ ಸಮಿತಿಯದೇ. ಅನುವಾದಕ್ಕೆ ವಾರಗಳು ಹಿಡಿಯುವುದರಿಂದ ಹೈಕೋರ್ಟ್ ತೀರ್ಪು ಬಂದ ವಾರದಲ್ಲೇ ಅರ್ಜಿ ಹೊರಡಲಿ.